ಕನ್ನಡದಾಗ ಹೇಳವ್ವಾ

ಮಧ್ಯಾಹ್ನದ ಊಟದ ಬಿಡುವು. ಶಾಲೆಯ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಓಡಿ ಬಂದು ನನ್ನ ಅಂಗಿಯ ತೋಳು ಜಗ್ಗಿದಳು.

"ಅಜ್ಜಾ, ಅಲ್ಲೆ ಬೂಟಿನ್ಯಾಗ... ವಿಂ..." ಅಂದವಳು ಗಕ್ಕನೆ ಬಾಯಿ ಮುಚ್ಚಿಕೊಂಡಳು.

ನಾನು ಬೆರಳೆತ್ತಿದೆ. "ಕನ್ನಡದಾಗ ಹೇಳವ್ವಾ."

ಅವಳ ಕಣ್ಣು ಅಂಗಳದ ಧ್ವಜದ ಕಂಬದ ಕಡೆ ಹೋಗಿ, ಮತ್ತೆ ನನ್ನ ಮುಖಕ್ಕೆ ಬಂತು. ಯಾಕೆ ಅಂತೀರಾ? ಅದನ್ನು ಹೇಳಲೆಂದೇ ಇವತ್ತು ಬರೆಯಲು ಕುಳಿತಿದ್ದೇನೆ.

ಪುಣೆಯ ನಮ್ಮ ಭಾಗದಲ್ಲಿ ಒಂದು ಸರ್ಕಾರಿ ಕನ್ನಡ ಶಾಲೆ ಇದೆ. (ಹೆಸರು ಬೇಡ. ತಪ್ಪು ಶಾಲೆಯದಲ್ಲ.) ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ ಅಲ್ಲಿ ಹೆಚ್ಚು. ನಾನು ಧಾರವಾಡದ ಕಡೆಯವನು. ಮ್ಯಾಟ್ರಿಕ್ ಮುಗಿಸಿ ಇಲ್ಲಿಗೆ ಬಂದೆ, ಚಾಕಣದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ರಿಟೈರ್ ಆದೆ. ಹಿರಿಯರು ಅಂತ ಶಾಲೆಯವರು ನನ್ನನ್ನು ಕಮಿಟಿಗೆ ಸೇರಿಸಿಕೊಂಡರು. ಕಮಿಟಿಗೆ ಸೇರಿದ ಮುದುಕ ಸುಮ್ಮನೆ ಕೂರುತ್ತಾನೆಯೇ? ಒಂದು ನಿಯಮ ತಂದೆ.

ಕಂಪೌಂಡಿನ ಒಳಗೆ ಕನ್ನಡ ಮಾತ್ರ. ಮರಾಠಿ, ಹಿಂದಿ ಆಡಿದವರು ಬಿಡುವು ಮುಗಿಯುವ ತನಕ ಧ್ವಜದ ಕಂಬದ ಪಕ್ಕ ನಿಲ್ಲಬೇಕು.

ದೊಡ್ಡ ಅಕ್ಕೋರು (ನಮ್ಮ ಹೆಡ್ ಟೀಚರಿಗೆ ಎಲ್ಲರೂ ಹಾಗೇ ಅನ್ನುವುದು) ಅನುಮಾನಿಸಿದರು. ಓಣಿಯಲ್ಲಿ ಇಡೀ ದಿನ ಮರಾಠಿ ಆಡುವ ಮಕ್ಕಳು, ಒಮ್ಮೆಲೇ ಹೇಗೆ ಬದಲಾಗುತ್ತಾರೆ ಎಂದರು. ಹೊಡೆಯುವಂತಿಲ್ಲ, ಬೈಯುವಂತಿಲ್ಲ, ಬರೀ ನಿಲ್ಲಿಸುವುದಕ್ಕೂ ಹೆದರಿದರೆ ಶಿಸ್ತು ಎಲ್ಲಿಂದ ಬರಬೇಕು ಎಂದು ನಾನು ವಾದ ಮಾಡಿದೆ. ಕಾವಲಿಗೆ ನಾನೇ ಕೂರುತ್ತೇನೆ ಎಂದೂ ಹೇಳಿದೆ. ಕೊನೆಗೆ ಒಪ್ಪಿದರು. ಗೋಡೆಗೆ ಒಂದು ಫಲಕವೂ ಬಂತು.

ಕೆಲವು ವಾರಗಳ ಹಿಂದೆ ಇದೇ ಅಂಕಣದಲ್ಲಿ ಆ ನಿಯಮದ ಬಗ್ಗೆ ಎದೆಯುಬ್ಬಿಸಿ ಬರೆದಿದ್ದೆ. ನೆನಪಿದೆಯೇ? ನಿಮ್ಮಲ್ಲಿ ಹಲವರು ಫೋನ್ ಮಾಡಿ ಭೇಷ್ ಅಂದಿರಿ. ಆದ್ದರಿಂದ ಮುಂದಿನ ಕಥೆಯನ್ನೂ ಇಲ್ಲೇ ಹೇಳಬೇಕು.

ಮಕ್ಕಳು ಬಲು ಜಾಣರು. ಜಗಳ ಬಂದರೆ ಗೇಟಿನ ಹೊರಗೆ ಒಂದು ಹೆಜ್ಜೆ ಇಟ್ಟು, ಮರಾಠಿಯಲ್ಲಿ ಬೈದಾಡಿ ಮುಗಿಸಿ, ಒಳಗೆ ಬಂದು ಮತ್ತೆ ಆಟಕ್ಕಿಳಿಯುತ್ತಿದ್ದರು. (ಕನ್ನಡದಲ್ಲಿ ಬೈದರೆ ಖಾರ ಸಾಲುವುದಿಲ್ಲವಂತೆ. ಒಬ್ಬ ಹುಡುಗ ನನ್ನ ಮುಖಕ್ಕೇ ಹೇಳಿದ.) ಉಳಿದವರು ಮಾತೇ ಕಡಿಮೆ ಮಾಡಿದರು. ಅಂಗಳ ತಣ್ಣಗಾಯಿತು. ಶಿಸ್ತು ಅಂದರೆ ಇದು ನೋಡ್ರಿ ಎಂದು ಅಕ್ಕೋರಿಗೆ ತೋರಿಸಿದೆ.

ನನ್ನ ತೋಳು ಜಗ್ಗಿದ ಹುಡುಗಿಯ ಹೆಸರು ಭಾಗ್ಯಶ್ರೀ. ಮೊದಲೆಲ್ಲ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ನನ್ನ ತಲೆ ತಿನ್ನುತ್ತಿದ್ದವಳು. ಮನೆಯಲ್ಲಿ ಏನು ಪಲ್ಲೆ, ಜೇಜುರಿಯ ದೇವರಿಗೆ ಹೋದಾಗ ಅಪ್ಪನ ಮೀಸೆಗೆಲ್ಲ ಭಂಡಾರದ ಅರಿಶಿನ ಹತ್ತಿದ್ದು, ಯಾರ ಆಡು ಮರಿ ಹಾಕಿತು, ಎಲ್ಲ ಬೇಕು ಅವಳಿಗೆ. ಹೀಗಾಗಿ ಕಂಬದ ಪಕ್ಕ ಹೆಚ್ಚು ನಿಂತವಳೂ ಅವಳೇ. ಬರಬರುತ್ತಾ ನಮಸ್ಕಾರ ಹೇಳಿ ಮುಂದೆ ಹೋಗುವುದು ಕಲಿತಳು. ಸುಧಾರಿಸಿದ್ದಾಳೆ ಎಂದುಕೊಂಡೆ.

ಅವತ್ತು ಅವಳು ಒಂದು ಬೆರಳನ್ನು ಕೊಕ್ಕೆಯಂತೆ ಬಾಗಿಸಿ, ಕೈಯನ್ನು ಬೆನ್ನ ಹಿಂದಿನಿಂದ ತಲೆಯ ಮೇಲೆ ಎತ್ತಿ ತೋರಿಸಿದಳು. ನನಗೆ ನಗು ಬಂತು.

"ಕೈ ಮಾಡಬ್ಯಾಡ, ಬಾಯಿಲೆ ಹೇಳು. ಅವಸರ ಏನಿಲ್ಲ, ವಿಚಾರ ಮಾಡಿ ಹೇಳು."

ಅವಸರ ಏನಿಲ್ಲ ಅಂದೆ! ಅವಳ ಬಾಯಿಂದ ಬಂದ ಒಂದು ಅಕ್ಷರ ನನಗೆ ಕೇಳಿಸಿತ್ತು. ಅದು ಮರಾಠಿ ಎನ್ನುವುದು ತಕ್ಷಣ ಗೊತ್ತಾಯಿತು. ಅದು ಏನು ಎಂದು ನಾನು ಯೋಚಿಸಲೇ ಇಲ್ಲ.

ವರಾಂಡದ ಗೋಡೆಯ ಪಕ್ಕ ಹಳೆಯ ಹಂಚಿನ ರಾಶಿ. ಅದರ ಮುಂದೆ ಮಕ್ಕಳ ಬೂಟಿನ ಸಾಲು. ಹಿಂದಿನ ದಿನ ಜೋರು ಮಳೆ. ಊಟ ಮುಗಿಸಿದ ಒಂದನೆಯ ಇಯತ್ತೆಯ ಮಾಳಪ್ಪ ಕೈ ತೊಳೆಯಲು ಹೋಗಬೇಕೆಂದು ಬೂಟಿಗೆ ಕಾಲು ಹಾಕಿದ. ಅವನ ಕಿರುಚಾಟ ಕೇಳಿದ ಮೇಲೆ ನನಗೆ ಆ ಕೊಕ್ಕೆಯಂಥ ಬೆರಳಿನ ಅರ್ಥವಾಯಿತು.

ಹುಡುಗನನ್ನು ಎತ್ತಿಕೊಂಡು ಗೇಟಿಗೆ ಓಡಿದೆ. ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾ ಕಂಡಿತು. "ಭಾವೂ, ಥಾಂಬ! ಪೋರಾಲಾ ವಿಂಚೂ ಚಾವಲಾ!" ಎಂದು ಒಳಗಿನಿಂದಲೇ ಕೂಗಿದೆ.

ವಿಂಚೂ ಅಂದರೆ ಚೇಳು. ಆ ಕನ್ನಡ ಶಬ್ದ ನನ್ನ ಬಾಯಿಗೂ ಬರಲಿಲ್ಲ. ಬಂದಿದ್ದರೆ ಆ ರಿಕ್ಷಾ ನಿಲ್ಲುತ್ತಿತ್ತೇ? ಭಾಗ್ಯಶ್ರೀ ನನ್ನ ಪಕ್ಕದಲ್ಲೇ ನಿಂತಿದ್ದಳು.

ಆಸ್ಪತ್ರೆಯಲ್ಲಿ ಹುಡುಗನ ಮೈಯೆಲ್ಲ ಬೆವರು, ವಾಂತಿ. ಕೈಕಾಲು ತಣ್ಣಗೆ. ನೋವು ಇಳಿಯುತ್ತದೆ, ಎದೆಬಡಿತವನ್ನು ಮಾತ್ರ ನೋಡುತ್ತಿರಬೇಕು ಎಂದರು ಡಾಕ್ಟರು. ಸಂಜೆಯ ಹೊತ್ತಿಗೆ ಭಯವಿಲ್ಲ ಎಂದರು. ಅವನ ತಾಯಿ ಬಂದು ನನ್ನ ಕಾಲು ಮುಟ್ಟಿದಳು. "ನಿಮ್ಮಿಂದ ಉಳೀತ್ರಿ ನನ್ನ ಮಗಾ."

ನಾನು ಕಾಲು ಹಿಂದೆ ತೆಗೆಯಲಿಲ್ಲ.

ಮುಂದಿನದು ಇದಕ್ಕಿಂತ ಕೆಟ್ಟದ್ದು. ಕಮಿಟಿಯ ಮೀಟಿಂಗ್ ಆಯಿತು. ಹಂಚಿನ ರಾಶಿ ತೆಗೆಸುವುದು, ಬೂಟಿಗೆ ಹಲಗೆ ಮಾಡಿಸುವುದು, ಎಲ್ಲ ಸರಿಯಾಗೇ ಮಾತಾಡಿದೆವು. ಅಷ್ಟರಲ್ಲಿ ಸದಸ್ಯರೊಬ್ಬರು, ಭಾಗ್ಯಶ್ರೀ ಅದನ್ನು ಮೊದಲೇ ನೋಡಿದ್ದಳಂತೆ ಎಂದರು. ಅವಳನ್ನು ಕರೆಸಿದರು.

"ಮೊದಲ ನೋಡಿದಾಕಿ ನೀನ ಅಂತಲ್ಲ? ಯಾಕ ಹೇಳಲಿಲ್ಲ?"

ಅವಳು ನನ್ನನ್ನು ನೋಡಿದಳು. ನಾನು ಚಹಾದ ಕಪ್ಪನ್ನು ನೋಡಿದೆ.

ಎಂಟು ವರ್ಷದ ಹುಡುಗಿ ಬಾಯಿ ಬಿಡಲಿಲ್ಲ. ಎಪ್ಪತ್ತು ದಾಟಿದ ನಾನೂ ಬಿಡಲಿಲ್ಲ. ಹುಡುಗಿಗೆ ಜವಾಬ್ದಾರಿ ಇಲ್ಲ, ತಾಯಿಯನ್ನು ಕರೆಸಿ ತಿಳಿಹೇಳಬೇಕು ಎಂದು ತೀರ್ಮಾನವಾಯಿತು. ನಾನು ತಲೆಯಾಡಿಸಿದೆ.

ತಾಯಿ ಕೆಲಸದ ನಡುವೆ ಬಂದಳು, ಕಾಲಿಗೆ ಸಿಮೆಂಟು ಮೆತ್ತಿತ್ತು. ಎಲ್ಲ ಕೇಳಿಸಿಕೊಂಡು ನಿಧಾನಕ್ಕೆ ಹೇಳಿದಳು. "ಈಕಿ ಮನ್ಯಾಗೂ ಮಾತಾಡೂದು ಬಿಟ್ಟಾಳ್ರಿ. ಮರಾಠಿ ಸಾಲಿಗೆ ಹಾಕ್ತೇನಿ. ಅಲ್ಲೆ ಬಾಯಿ ತಗದ್ರ ಯಾರೂ ನಿಲ್ಲಸಂಗಿಲ್ಲ."

ಮರುದಿನದಿಂದ ಹುಡುಗಿ ಬರಲಿಲ್ಲ. ಕನ್ನಡ ಉಳಿಸಲು ನಾನು ತಂದ ನಿಯಮ, ಕನ್ನಡದ ಮಗುವೊಂದನ್ನು ಕನ್ನಡ ಶಾಲೆಯಿಂದ ಹೊರಗೆ ಹಾಕಿತ್ತು.

ಇನ್ನೊಂದು ಮಾತು ಮುಚ್ಚಿಡಬಾರದು. ನನ್ನ ಮೊಮ್ಮಗ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ಅವನಿಗೆ ಕನ್ನಡದಲ್ಲಿ ನೀರು ಕೇಳಲೂ ಬರುವುದಿಲ್ಲ. ಅವನನ್ನು ನಾನು ಎಂದಾದರೂ ಎಲ್ಲಾದರೂ ನಿಲ್ಲಿಸಿದ್ದೇನೆಯೇ? ಅವನೊಂದಿಗೆ ನಾನೇ ಮರಾಠಿ ಆಡುತ್ತೇನೆ, ಸಿಟ್ಟಾದಾನು ಎಂದು ಹೆದರಿ. ಮನೆಯಲ್ಲಿ ಹೇಳಲಾಗದ್ದನ್ನು ಸರ್ಕಾರಿ ಶಾಲೆಯ ಮಕ್ಕಳಿಗೆ ಹೇಳಿದೆ. ಅವರ ಅಪ್ಪ ಅಮ್ಮ ನನ್ನನ್ನು ಕೇಳಲು ಬರುವುದಿಲ್ಲ ಎಂಬ ಧೈರ್ಯ ಇತ್ತಲ್ಲ?

ಕಾರ್ಖಾನೆಯಲ್ಲಿ ಬಿಹಾರದವರು, ಒಡಿಶಾದವರು, ತಮಿಳರು ಎಲ್ಲ ಇದ್ದರು. ಸ್ಟೋರಿಗೆ ಹೊಸಬರು ಬಂದರೆ ನಾನೇ ಹೇಳಿಕೊಡುತ್ತಿದ್ದೆ: ಬೆಂಕಿ ಕಂಡರೆ ಮೊದಲು ಕೂಗು, ನಿನಗೆ ಬರುವ ಭಾಷೆಯಲ್ಲಿ ಕೂಗು, ಅರ್ಥ ಮಾಡಿಕೊಳ್ಳುವುದು ನಮ್ಮ ಕೆಲಸ. ದೊಡ್ಡವರಿಗೆ ಹೇಳಿಕೊಟ್ಟ ಈ ಮಾತು ಮಕ್ಕಳ ಶಾಲೆಗೆ ಬಂದಾಗ ಹೇಗೆ ಮರೆತುಹೋಯಿತು? ಮಕ್ಕಳು ಮೊದಲು ನಿಯಮ ಪಾಲಿಸಲಿ, ಆಮೇಲೆ ಹೇಳುವುದಿದ್ದರೆ ಹೇಳಲಿ ಎಂದು ನಾವು ಯಾವಾಗ ತೀರ್ಮಾನಿಸಿದೆವು?

ನಿನ್ನೆ ಬೆಳಿಗ್ಗೆ ದೊಡ್ಡ ಅಕ್ಕೋರ ಮುಂದೆ ಎಲ್ಲವನ್ನೂ ಹೇಳಿದೆ. ಫಲಕ ಇವತ್ತೇ ಇಳಿಸುತ್ತೇನೆ, ಒಪ್ಪಿದ್ದು ನನ್ನದೂ ತಪ್ಪು ಎಂದರು. ಆಮೇಲೆ, "ಹುಡುಗೀಗೆ ಮಾತ್ರ ನೀವ ಹೋಗಿ ಹೇಳಬೇಕ್ರಿ" ಎಂದರು.

ಹೋದೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡು. ತಾಯಿ ಪಾತ್ರೆ ತಿಕ್ಕುತ್ತಲೇ ಕೇಳಿಸಿಕೊಂಡಳು. ನಿಮ್ಮ ಮಗಳು ನನಗೆ ಹೇಳಲು ಬಂದಿದ್ದಳು, ನಾನು ತಡೆದೆ, ಮೀಟಿಂಗಿನಲ್ಲಿ ಸುಮ್ಮನಿದ್ದೆ ಎಂದೆ.

"ಎಲ್ಲಾರ ಮುಂದ ಹುಡುಗೀದು ತಪ್ಪಂದ್ರಿ. ಈಗ ನನ್ನ ಒಬ್ಬಾಕಿ ಮುಂದ ನಿಮ್ಮದಂತೀರಿ," ಅಂದಳು.

ಬರುವ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು, ಕಮಿಟಿಯವರು ಎಲ್ಲರ ಮುಂದೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಮಾಳಪ್ಪನ ತಾಯಿಗೂ ಹೇಳುತ್ತೇನೆ. ಅದಕ್ಕಿಂತ ಮೊದಲು ನಿಮ್ಮ ಮುಂದೆ ಹೇಳಿದ್ದೇನೆ. ಭಾಗ್ಯಶ್ರೀಯನ್ನು ಮತ್ತೆ ಶಾಲೆಗೆ ಕಳಿಸುತ್ತಾಳೋ ಇಲ್ಲವೋ, ತಾಯಿ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಹೊರಟಾಗ ಬಾಗಿಲ ಬಳಿ ಹುಡುಗಿ ನಿಂತಿದ್ದಳು.

"ಅಜ್ಜಾ, ವಿಂಚೂಗೆ ಕನ್ನಡದಾಗ ಏನಂತಾರ?"

"ಚೇಳು ಅಂತಾರವ್ವಾ."

ತುಟಿಯಲ್ಲೇ ಒಮ್ಮೆ ಅಂದು ನೋಡಿದಳು. ತಾಯಿ ಒಳಗಿನಿಂದ, ಹೌದಲ್ಲ, ನಾವೂ ಇಲ್ಲಿಗೆ ಬಂದ ಮೇಲೆ ಆ ಶಬ್ದ ಬಿಟ್ಟೇಬಿಟ್ಟೆವು ಎಂದಳು. ಹುಡುಗಿ ಇನ್ನೂ ಏನೋ ಲೆಕ್ಕ ಹಾಕುತ್ತಿದ್ದಳು.

"ಅವತ್ತ ಕನ್ನಡದಾಗ ಏನಂತಾರಂತ ನಿಮ್ಮನ್ನ ಕೇಳಬೇಕಂದ್ರೂ, ಮೊದಲ ನಾ ವಿಂಚೂ ಅನ್ನಬೇಕಾಗ್ತಿತ್ತಲ್ರಿ?"

ಅಂದು ಫೋನ್ ಮಾಡಿ ಭೇಷ್ ಅಂದವರು, ಈ ಹುಡುಗಿಗೆ ಒಂದು ಉತ್ತರ ಹೇಳುತ್ತೀರಾ?