ಪ್ರತಿ ಮನೆಯಲ್ಲೂ ಇರಬೇಕಾದ ಪುಸ್ತಕ

ಚಟ್.

ಹೊಸ ಪುಸ್ತಕವನ್ನು ಮೊದಲ ಸಲ ಅಗಲಿಸಿದಾಗ ಬೆನ್ನಿನ ಅಂಟು ಬಿಡುವ ಸದ್ದು ಅದು. ಅಗ್ರಹಾರದ ಆ ಮನೆಯಲ್ಲಿ ಬೆಳಗಿನ ಹೊತ್ತು ಒಗ್ಗರಣೆಯ ಸದ್ದಿನಷ್ಟೇ ಅದೂ ಮಾಮೂಲು. ಒಳಗೆ ಹುರುಳಿಕಾಯಿ ಹೆಚ್ಚುತ್ತಿದ್ದ ಸುಂದರಮ್ಮನವರು ಕೂತಲ್ಲಿಂದಲೇ ಕೇಳಿದರು: "ಇವತ್ತು ಯಾರಿಗ್ರೀ ಫಸ್ಟ್ ಕ್ಲಾಸು?"

ಅವರ ಯಜಮಾನರು ಲಕ್ಷ್ಮೀನರಸಿಂಹ ಮೇಷ್ಟ್ರು ಪುಟ ತಿರುವಿದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಲೆ, ಊರಿನ ಪತ್ರಿಕೆಯೊಂದಕ್ಕೆ ಪ್ರತಿ ಭಾನುವಾರ ಹೊಸ ಮಕ್ಕಳ ಪುಸ್ತಕದ ಪರಿಚಯ ಬರೆದುಕೊಡುವುದು ಅವರ ಕೆಲಸ. ಬರೆದವರು ಪುಸ್ತಕವನ್ನು ಅಂಚೆಗೆ ಹಾಕುವುದು ಕಡಿಮೆ, ತಾವೇ ತರುತ್ತಾರೆ. ಜಗುಲಿಯ ಮೇಲೆ ಕೂತು ಸುಂದರಮ್ಮನವರ ಕಾಫಿ ಕುಡಿಯುತ್ತಾರೆ, ಮಗಳ ಮದುವೆ, ತಮ್ಮ ಮಂಡಿನೋವು ಎಲ್ಲ ಹೇಳಿಕೊಳ್ಳುತ್ತಾರೆ, ಹೋಗುವಾಗ ಎರಡೂ ಕೈ ಮುಗಿಯುತ್ತಾರೆ. ತಮ್ಮ ಮನೆಯ ಕಾಫಿ ಕುಡಿದು ಹೋದವರ ಬರವಣಿಗೆಯಲ್ಲಿ ಹುಳುಕು ತೆಗೆಯಲು ಮೇಷ್ಟ್ರಿಗೆ ಕೈ ಬರುವುದಿಲ್ಲ. ಪ್ರಾಸ ಕುಂಟುವ ಶಿಶುಗೀತೆಯಲ್ಲಿ ಅವರಿಗೆ ಲವಲವಿಕೆ ಕಾಣುತ್ತಿತ್ತು. ಪುಟಪುಟಕ್ಕೂ ನೀತಿ ಹೇಳಿ ಮೊಲ, ನರಿಗಳನ್ನೇ ಸುಸ್ತು ಮಾಡಿದ ಕಥೆಗಳಲ್ಲಿ ಮೌಲ್ಯ ಕಾಣುತ್ತಿತ್ತು. ಕೊನೆಯ ಸಾಲಿನಲ್ಲಂತೂ ಯಾರಿಗೂ ಭೇದವಿಲ್ಲ: ಪ್ರತಿ ಮನೆಯಲ್ಲೂ ಇರಬೇಕಾದ ಪುಸ್ತಕ.

ಈ ಪುಸ್ತಕ ತಂದ ಹುಡುಗಿ ಮಾತ್ರ ಒಳಗೆ ಬಂದಿರಲಿಲ್ಲ. ಹೆಸರು ಶಿಲ್ಪಶ್ರೀ, ಮೇಟಗಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ. ಹಿಂದಿನ ಸಂಜೆ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಪುಸ್ತಕ ಚಾಚಿದ್ದಳು. ಕಾಫಿ ಬೇಡ ಎಂದಿದ್ದಳು. "ಇನ್ನೊಂದು ಅರ್ಧ ಬರ್ದಿಟ್ಟಿದೀನಿ ಸರ್. ಇದನ್ನ ಮಕ್ಕಳು ಓದಿದ್ರೆ ಅದನ್ನ ಮುಗಿಸ್ತೀನಿ. ಇಲ್ಲಾಂದ್ರೆ ನಂಗ್ಯಾಕೆ ಬೇಕು ಈ ಉಸಾಬರಿ."

ಪುಸ್ತಕದ ಹೆಸರು ‘ಒಳಚಿಲಕ’. ಅಮ್ಮ ರಾತ್ರಿ ಪಾಳಿಗೆ ಹೋದ ಮೇಲೆ ತಮ್ಮನನ್ನು ಮಲಗಿಸಿ ಬಾಗಿಲು ಕಾಯುವ ಒಂಬತ್ತನೇ ಕ್ಲಾಸಿನ ಹುಡುಗಿಯ ಕಥೆ. ಚಿಲಕ ಹಾಕಿದರೆ ಅಮ್ಮ ಬಂದು ತಟ್ಟಿದ್ದು ನಿದ್ದೆಯಲ್ಲಿ ಕೇಳಿಸದೇನೋ ಎಂಬ ಭಯ, ಹಾಕದಿದ್ದರೆ ಬೇರೆ ಭಯ. ಕೊನೆಗೆ ಚಿಲಕ ಹಾಕಿ, ತನ್ನ ಜಡೆಯ ರಿಬ್ಬನ್ನನ್ನು ಅದಕ್ಕೆ ಕಟ್ಟಿ, ಬಾಗಿಲು ಅಲುಗಿದರೆ ಎಚ್ಚರವಾಗಲೆಂದು ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತಾಳೆ. ಆ ಪುಟ ಓದಿ ಮೇಷ್ಟ್ರು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಮಧ್ಯಾಹ್ನ ಸುಂದರಮ್ಮನವರು ಪುಸ್ತಕ ಎತ್ತಿಕೊಂಡವರು ಸಂಜೆ ದೀಪ ಹಚ್ಚುವವರೆಗೂ ಕೆಳಗಿಡಲಿಲ್ಲ. ಫಸ್ಟ್ ಕ್ಲಾಸಿನ ಮಾತೂ ಎತ್ತಲಿಲ್ಲ.

"ಈ ಮಗೂಗೆ ಏನ್ ಬರೀತೀರ್ರೀ?" ಎಂದಷ್ಟೇ ಕೇಳಿದರು.

ಮೇಷ್ಟ್ರು ಬರೆಯಲು ಕೂತರು. ‘ಮನಮುಟ್ಟುವ’ ಎಂದು ಬರೆದು ಹೊಡೆದುಹಾಕಿದರು. ಹಿಂದಿನ ವಾರವಷ್ಟೇ ಅದನ್ನು ಒಂದು ಜಾಣ ಕಾಗೆಯ ಕಥೆಗೆ ಕೊಟ್ಟಿದ್ದರು. ‘ಅಪರೂಪದ’ ಎಂಬುದನ್ನು ಎಷ್ಟು ಜನಕ್ಕೆ ಕೊಟ್ಟಿದ್ದರೋ ನೆನಪಿಲ್ಲ. ಒಂದೂ ವಿಶೇಷಣವಿಲ್ಲದೆ, ಆ ರಿಬ್ಬನ್ನಿನ ಸಂಗತಿಯನ್ನು ಮಾತ್ರ ಸರಳವಾಗಿ ಬರೆದರು. ಓದಿಕೊಂಡಾಗ ದಿಗಿಲಾಯಿತು. ವಾರವಾರವೂ ಪಾಯಸ ಬಡಿಸಿದ ಕೈ ಈ ವಾರ ಬರೀ ಅನ್ನ ಬಡಿಸಿದರೆ, ಪುಸ್ತಕ ಮೇಷ್ಟ್ರಿಗೆ ಹಿಡಿಸಿಲ್ಲವೆಂದೇ ಜನ ತಿಳಿಯುತ್ತಾರೆ. ಹುಡುಗಿಗೆ ಅನ್ಯಾಯವಾಗುತ್ತದೆ. ಹಾಗೆಂದುಕೊಂಡು ಮನಮುಟ್ಟುವ, ಅಪರೂಪದ, ಲವಲವಿಕೆ ಎಲ್ಲವನ್ನೂ ಮತ್ತೆ ಒಂದೊಂದಾಗಿ ತಂದು ಕೂರಿಸಿದರು. ಜಾಗ ಸಾಲದೆ ರಿಬ್ಬನ್ನು ಬಿಟ್ಟುಹೋಯಿತು. ಕೊನೆಯ ಸಾಲು ತನ್ನಷ್ಟಕ್ಕೆ ಬಂದು ಕೂತಿತು.

ಭಾನುವಾರ ಅದು ಅಚ್ಚಾಯಿತು. ಯಾರೂ ಫೋನ್ ಮಾಡಲಿಲ್ಲ. ಲಷ್ಕರ್ ಮೊಹಲ್ಲಾದ ಪ್ರಕಾಶಕ ಮಹದೇವಪ್ರಸಾದರನ್ನು ವಿಚಾರಿಸಿದರೆ, ಒಂದು ಪ್ರತಿಯೂ ಅಲುಗಿಲ್ಲ ಎಂದರು. ಮಕ್ಕಳ ಕೈಗೆ ಹೋಗಬೇಕಾದರೆ ಸ್ಕೂಲಿನವರನ್ನೇ ಹಿಡಿಯಬೇಕು ಸ್ವಾಮಿ ಎಂದೂ ಸೇರಿಸಿದರು.

ಮಾರನೆಯ ದಿನ ಮೇಷ್ಟ್ರು ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ರಾಜೀವನಗರಕ್ಕೆ ಹೋದರು. ಅಲ್ಲಿನ ಶಾಲೆಯೊಂದರಲ್ಲಿ ಅವರ ಹಳೆಯ ವಿದ್ಯಾರ್ಥಿನಿ ಕೀರ್ತಿ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಅಕ್ಕಪಕ್ಕದ ಶಾಲೆಗಳವರೂ ಅವಳನ್ನು ಕೇಳಿಯೇ ಪುಸ್ತಕ ತರಿಸುತ್ತಿದ್ದರು. ಅವಳು ಎದ್ದು ನಿಂತು ಕುರ್ಚಿ ಕೊಟ್ಟಳು. ಮೇಷ್ಟ್ರು ಪುಸ್ತಕ ಮುಂದಿಟ್ಟು, ಇದು ಬೇರೆ ಥರದ್ದು, ದೊಡ್ಡ ಕ್ಲಾಸಿನ ಮಕ್ಕಳು ಓದಲೇಬೇಕು ಎಂದರು.

ಕೀರ್ತಿ ಪುಸ್ತಕವನ್ನು ತಿರುಗಿಸಿ ಹಿಂದುಮುಂದು ನೋಡಿದಳು. ಆಮೇಲೆ ಕಿಟಕಿಯ ಪಕ್ಕದ ಕಪಾಟು ತೋರಿಸಿದಳು. "ಅದು ಪೂರ್ತಿ ನಿಮ್ಮದೇ ಸರ್. ನೀವು ಬರ್ದಿದ್ದು ನೋಡ್ಕೊಂಡೇ ತರ್ಸಿದ್ದು. ನಮ್ಮ ಮೇಷ್ಟ್ರು ಹೇಳಿದಾರೆ ಅಂತ."

ಮೇಷ್ಟ್ರಿಗೆ ಖುಷಿಯಾಯಿತು. ಎದ್ದು ಹೋಗಿ ಒಂದನ್ನು ಸೆಳೆದು ಬಿಚ್ಚಿದರು.

ಚಟ್.

ಇನ್ನೊಂದನ್ನು ತೆಗೆದರು. ಅದೂ ಚಟ್ ಎಂದಿತು. ಮೂರನೆಯದನ್ನು ಬಿಚ್ಚದೆ ಹಾಗೇ ವಾಪಸ್ಸಿಟ್ಟರು.

"ಮಕ್ಕಳು ಮುಟ್ಟಲ್ಲ ಸರ್. ನಾನೇನ್ ಮಾಡ್ಲಿ?" ಕೀರ್ತಿಯ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. "ಈ ವರ್ಷದ್ದು ಆಯ್ಕೆ ಮುಗ್ದಿದೆ. ಇರ್ಲಿ, ಇಟ್ಟು ಹೋಗಿ. ನೋಡ್ತೀನಿ."

ರಿಬ್ಬನ್ನಿನ ಸಂಗತಿ ಹೇಳಬೇಕೆಂದು ಬಾಯಿ ತೆರೆದರು. "ತುಂಬಾ ಮನಮುಟ್ಟೋ ಹಾಗಿದೆ ಕಣಮ್ಮ," ಎಂದುಬಿಟ್ಟರು. ಗಂಟೆ ಹೊಡೆಯಿತು, ಮಕ್ಕಳು ನುಗ್ಗಿ ಬಂದರು. ಕೀರ್ತಿ ಪುಸ್ತಕವನ್ನು ಅದೇ ಕಪಾಟಿನ ಮೇಲಿಟ್ಟು ಅವರ ಕಡೆ ಹೋದಳು.

ಮನೆಗೆ ಬಂದಾಗ ಗೇಟಿನ ಬಳಿ ಸ್ಕೂಟರ್ ಇತ್ತು. ಜಗುಲಿಯ ಮೇಲೆ ಶಿಲ್ಪಶ್ರೀ, ಕೈಯಲ್ಲಿ ಕಾಫಿಯ ಲೋಟ. ಅರ್ಧ ಕುಡಿದಾಗಿತ್ತು. ಈ ಹುಡುಗಿಯೂ ಕಾಫಿಯವರ ಸಾಲಿಗೆ ಸೇರಿದಳಲ್ಲ ಎನಿಸಿ ಮೇಷ್ಟ್ರು ಮೆಟ್ಟಿಲ ಮೇಲೆಯೇ ನಿಂತರು.

ಅವಳು ಎದ್ದು ನಿಂತು, ಬರೆದದ್ದಕ್ಕೆ ಥ್ಯಾಂಕ್ಸ್ ಹೇಳಿದಳು. ಕಾರ್ಖಾನೆಯಲ್ಲಿ ಜೊತೆಯವರೊಬ್ಬರಿಗೆ ತೋರಿಸಿದಳಂತೆ. ಅವರ ಚಿಕ್ಕಪ್ಪನ ಪುಸ್ತಕದ ಪರಿಚಯಕ್ಕೂ ಕೊನೆಯಲ್ಲಿ ಇದೇ ಸಾಲಿತ್ತೆಂದು ಅವರು ನಕ್ಕರಂತೆ. ಹೇಳುತ್ತ ಅವಳೂ ನಕ್ಕಳು.

"ಬೇಜಾರಿಲ್ಲ ಸರ್. ಒಂದೇ ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ. ನಿಜವಾಗ್ಲೂ ಚೆನ್ನಾಗಿತ್ತಾ? ಆ ಇನ್ನೊಂದನ್ನ ಮುಗಿಸ್ಲಾ, ಬುಟ್ಬುಡ್ಲಾ?"

"ಚೆನ್ನಾಗಿದೆ ಕಣಮ್ಮ. ತುಂಬಾ ಚೆನ್ನಾಗಿದೆ." ಮಂಡಿನೋವಿನವರಿಗೂ ಮಗಳ ಮದುವೆಯವರಿಗೂ ಇದೇ ಜಗುಲಿಯಲ್ಲಿ ನಿಂತು ಹೇಳಿದ ದನಿಯೇ ಹೊರಟಿತು. ಅವರ ಕಿವಿಗೇ ಅದು ಕೇಳಿಸಿತು.

ಹುಡುಗಿ ತಲೆಯಾಡಿಸಿದಳು, ಪಾಠ ಅರ್ಥವಾಗದ ಮಕ್ಕಳು ಕ್ಲಾಸಿನಲ್ಲಿ ಮರ್ಯಾದೆಗೆ ಆಡಿಸುತ್ತಿದ್ದ ಹಾಗೆ. ಬಾಗಿಲಲ್ಲಿದ್ದ ಸುಂದರಮ್ಮನವರು, "ನಾನೂ ಓದ್ದೆ ಕಣೇ, ಸಾಯಂಕಾಲದವರೆಗೂ ಎದ್ದಿಲ್ಲ," ಎಂದರು. ಅವಳು ಅವರಿಗೂ ನಕ್ಕಳು. "ನೀವು ಹಾಗನ್ಲೇಬೇಕಲ್ಲಾ ಆಂಟಿ." ಲೋಟ ಕೆಳಗಿಟ್ಟು ಮತ್ತೆ ಮೇಷ್ಟ್ರ ಕಡೆ ತಿರುಗಿದಳು. "ಹೋಗ್ಲಿ ಸರ್, ಮಕ್ಕಳು ಯಾರಾದ್ರೂ ಓದಿದ್ರಾ? ಒಬ್ರಾದ್ರೂ? ಏನಂದ್ರು?"

ಮೇಷ್ಟ್ರು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಖಾಲಿ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಯಾಕ್ ಕೇಳ್ತೀನಿ ಅಂದ್ರೆ ಸರ್, ಆ ಎರಡನೇದ್ರಲ್ಲಿ ಅವಳ ತಮ್ಮ..."

ಮೇಷ್ಟ್ರು ತಿರುಗಿ ಮೆಟ್ಟಿಲಿಳಿದರು. "ಏನ್ರೀ, ಎಲ್ಲಿಗ್ರೀ?" ಎಂದು ಸುಂದರಮ್ಮನವರು ಕೂಗುತ್ತಿದ್ದಂತೆಯೇ ಗೇಟು ದಾಟಿ ರಾಜೀವನಗರದ ಬಸ್ಸು ನಿಲ್ಲುವ ಕಡೆಗೆ ನಡೆದರು.