ಎಡಗಡೆಯ ಸೀಟು

ಜೆ.ಪಿ. ನಗರದ ನಮ್ಮ ರಸ್ತೆಯನ್ನು ಯಾವುದೋ ಪೈಪಿಗಾಗಿ ಮತ್ತೆ ಅಗೆದಿದ್ದಾರೆ. ಮೊನ್ನೆ ಸೊಪ್ಪು ಕೊಳ್ಳುತ್ತ ನಿಂತಿದ್ದಾಗ ಒಂದು ಕಾರು ಕೆಂಪು ಮಣ್ಣೆಬ್ಬಿಸಿಕೊಂಡು ಹೋಯಿತು. ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿ ತಾನಾಗಿ, “ನೂರು ಮೀಟರ್, ಎಡ ಮೂರು, ಒಳಗಡೆ ಕಲ್ಲು” ಅಂದಿತು.

“ಯಾರಿಗಕ್ಕಾ ಹೇಳ್ತಿದೀರಾ?” ಎಂದಳು ಸೊಪ್ಪಿನವಳು.

ನನ್ನ ಅಣ್ಣನಿಗೆ. ನಾವಿಬ್ಬರೂ ನಾಲ್ಕು ವರ್ಷ ಒಟ್ಟಿಗೆ ಕಾರ್ ರ‍್ಯಾಲಿಗೆ ಹೋಗುತ್ತಿದ್ದೆವು. ಓಡಿಸುತ್ತಿದ್ದವನು ಅವನು. ಎಡಗಡೆಯ ಸೀಟಿನಲ್ಲಿ ಕೂತು ನೋಟ್‌ಬುಕ್ ಓದುತ್ತಿದ್ದವಳು ನಾನು. ಮೊದಲ ದಿನ ಮಣ್ಣಿನ ದಾರಿಯಲ್ಲಿ ನಿಧಾನವಾಗಿ ಹೋಗಿ, ಅವನು ಹೇಳಿದ ಒಂದೊಂದು ತಿರುವನ್ನೂ, ಅದು ಎಷ್ಟು ಕಡಿದೆಂಬ ಅಂಕಿಯ ಸಮೇತ ಬರೆದುಕೊಳ್ಳಬೇಕು. ಮರುದಿನ ಅದೇ ದಾರಿಯಲ್ಲಿ ಹುಚ್ಚು ಹಿಡಿದಂತೆ ಓಡುವಾಗ, ತಿರುವು ಬರುವುದಕ್ಕೆ ಮುಂಚೆಯೇ ಅದನ್ನು ಅವನ ಕಿವಿಗೆ ಓದಿ ಹೇಳಬೇಕು. ದಿಬ್ಬದಾಚೆ ಏನಿದೆಯೆಂದು ಅವನಿಗೆ ಕಾಣುವುದಿಲ್ಲ. ನನ್ನ ಮಾತನ್ನು ನಂಬಿ ಆಕ್ಸಿಲರೇಟರ್ ಒತ್ತುತ್ತಾನೆ. ಮನೆಯಲ್ಲಿ ಟಿ.ವಿ. ರಿಮೋಟನ್ನೂ ನನ್ನ ಕೈಗೆ ಕೊಡದವನು!

ಆ ಸೀಟಿಗೆ ಒಂದೇ ನಿಯಮ. ತಲೆ ಎತ್ತಬಾರದು. ಎತ್ತಿದರೆ ಸಾಲು ತಪ್ಪುತ್ತದೆ. ರಸ್ತೆ ಎಲ್ಲಿಗೆ ಬಂತೆಂಬುದನ್ನು ಕಣ್ಣಿಂದಲ್ಲ, ಸೊಂಟದಿಂದ ತಿಳಿಯಬೇಕು. ಹಾಗಾಗಿ ನೀವು ನನ್ನನ್ನು ಆ ಊರುಗಳು ಹೇಗಿದ್ದವು ಎಂದು ಕೇಳಿದರೆ, ಎಲ್ಲ ಊರೂ ಗೀಟು ಹಾಕಿದ ಹಾಳೆಯ ಹಾಗಿದ್ದವು ಎನ್ನಬೇಕಾಗುತ್ತದೆ.

ಒಂದು ದಿನ ತಲೆ ಎತ್ತಿದೆ. ಕನಕಪುರದ ಆಚೆ, ಕೆರೆಯ ಪಕ್ಕದ ದಾರಿ. ಬೆಳಗಿನ ಹತ್ತು ಗಂಟೆ, ಎಳೆ ಬಿಸಿಲು ಎಂದು ಬರೆಯಲು ಹೊರಟು ಈಗಷ್ಟೇ ಕೈ ತಡೆದೆ. ಗಂಟೆ ಎಷ್ಟಾಗಿತ್ತೋ ಗೊತ್ತಿಲ್ಲ. ಎಳೆ ಬಿಸಿಲು ನೆನಪಿನ ಹಳೇ ಚಾಳಿ, ಕೇಳದಿದ್ದರೂ ತಂದು ಹಾಕುತ್ತದೆ. ಬೆಳ್ಳಕ್ಕಿಗಳು ಒಟ್ಟಿಗೆ ಎದ್ದದ್ದು ಮಾತ್ರ ನಿಜ. ನಿಜವೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಮತ್ತೆ ಹಾಳೆಗೆ ಕಣ್ಣಿಳಿಸಿದಾಗ ಸಾಲು ಸಿಗಲಿಲ್ಲ. ನಾನು ಹೇಳದೆ ಹೋದ ಬಲತಿರುವು ನಮಗಾಗಿ ಕಾಯಲಿಲ್ಲ. ಕಾರು ಏರಿಯಿಂದ ಉರುಳಿ ಹಳ್ಳದಲ್ಲಿ ಮಗುಚಿಬಿತ್ತು. ನನಗೆ ತರಚುಗಾಯ. ಅಣ್ಣನ ಭುಜದ ಮೂಳೆ ಮುರಿಯಿತು.

ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿದೆ. ಅವನು ಹೂಂ ಅಂದ. ಮತ್ತೇನೂ ಕೇಳಲಿಲ್ಲ.

ಭುಜ ಸರಿಹೋದ ಮೇಲೆ ಅಣ್ಣ ರ‍್ಯಾಲಿ ಬಿಟ್ಟು ಟ್ರ್ಯಾಕ್ ರೇಸಿಗೆ ಸೇರಿದ. ಚೆನ್ನೈ ಹತ್ತಿರದ ಟ್ರ್ಯಾಕಿಗೆ ನಾನೂ ಒಮ್ಮೆ ಹೋಗಿದ್ದೆ. ಕಾರಿನೊಳಗೆ ಇಣುಕಿದರೆ ಎಡಗಡೆ ಸೀಟೇ ಇರಲಿಲ್ಲ. ಬರೀ ತಗಡು, ಬೋಲ್ಟ್ ಬಿಚ್ಚಿದ ನಾಲ್ಕು ತೂತು.

“ತೂಕ ಕಮ್ಮಿ ಆಗ್ಲಿ ಅಂತ ತೆಗೆದಿದೀವಿ ಮೇಡಂ” ಎಂದ ಮೆಕ್ಯಾನಿಕ್. ಆಗ ನನ್ನ ತೂಕ ಐವತ್ತೆರಡು ಕೆ.ಜಿ. ಅಷ್ಟೂ ಒಮ್ಮೆಲೇ ಇಳಿದುಹೋಯಿತು.

ಸ್ಟ್ಯಾಂಡಿನಲ್ಲಿ ಕೂತು ನೋಡಿದೆ. ಸುತ್ತಿ ಸುತ್ತಿ ಅದೇ ತಿರುವು, ಅದೇ ಬೇಲಿ. ಸಂಜೆ ಟೀ ಕುಡಿಯುವಾಗ ಕೆಣಕಿದೆ. “ಇದೇನು ಮಹಾ ಅಣ್ಣ? ದಾರಿ ಬಾಯಿಪಾಠ. ಈ ಸುತ್ತಲ್ಲಿ ತಪ್ಪಿದ್ರೆ ಮುಂದಿನ ಸುತ್ತಲ್ಲಿ ಸರಿ ಮಾಡ್ಕೋಬಹುದು. ರ‍್ಯಾಲೀಲಿ ತಿರುವು ಒಂದೇ ಸಲ ಬರೋದು.”

“ಅಲ್ಲಿ ದಾರಿ ಜೊತೆ ಮಾತ್ರ ಜಗಳ ಕಣೇ. ಒಬ್ಬೊಬ್ರನ್ನೇ ಬಿಡ್ತಾರೆ, ನೀನಾಯ್ತು ಗಡಿಯಾರ ಆಯ್ತು. ಇಲ್ಲಿ ಎಲ್ರೂ ಒಟ್ಟಿಗೇ ನುಗ್ತಾರೆ, ಪಕ್ಕದವನ ಚಕ್ರ ನನ್ನ ಬಾಗಿಲಿಂದ ಅರ್ಧ ಅಡಿ. ಬ್ರೇಕ್ ಒಂದು ಗಜ ಬೇಗ ಒತ್ತಿದ್ರೆ ಮೂರು ಜನ ಮುಂದೆ ಹೋಗಿರ್ತಾರೆ” ಎಂದವನು, ಲೋಟ ಕೆಳಗಿಟ್ಟು, “ಆಮೇಲೆ, ತಪ್ಪಿದ್ದ ತಿರುವು ಪ್ರತಿ ಸುತ್ತಲ್ಲೂ ಎದುರಿಗೇ ಬರುತ್ತೆ. ಅದು ಸುಲಭ ಅಂದ್ಕೊಂಡಿದೀಯಾ?” ಎಂದ.

ನನ್ನನ್ನೇ ಕುರಿತು ಹೇಳಿದನೆಂದು ಅಂದುಕೊಂಡೆ. ಅವನು ಟ್ರ್ಯಾಕಿಗೆ ಬಂದದ್ದೇ ನನ್ನ ದೆಸೆಯಿಂದ. ಇನ್ನು ಯಾರ ಬಾಯನ್ನೂ ನಂಬುವ ಗೋಜು ಬೇಡವೆಂದು. ಕೇಳುವ ಧೈರ್ಯವಾಗಲಿಲ್ಲ. ಅವನು ರೇಸ್ ನಿಲ್ಲಿಸಿಯೂ ಈಗ ಎಷ್ಟೋ ವರ್ಷವಾಯಿತು.

ಕಳೆದ ಭಾನುವಾರ ಅಂಜನಾಪುರದಲ್ಲಿ ಚಿಕ್ಕಮ್ಮನ ಮಗಳ ಗೃಹಪ್ರವೇಶ. ಅಣ್ಣ ಬನಶಂಕರಿಯಿಂದ ಬಂದು ನನ್ನನ್ನು ಹತ್ತಿಸಿಕೊಂಡ. ಕನಕಪುರ ರಸ್ತೆಯಲ್ಲಿ ಗಾಡಿಗಳು ಮಿಸುಕದೆ ನಿಂತಿದ್ದವು. ಎಲ್ಲಿಗೂ ಓಡಿಹೋಗಲಾಗದ ಜಾಗ. ಹೇಳಿಬಿಟ್ಟೆ.

“ಅಣ್ಣಾ, ಅವತ್ತು ಧೂಳು ಬಿದ್ದಿರ್ಲಿಲ್ಲ. ನಾನು ತಲೆ ಎತ್ತಿದ್ದೆ.”

“ಗೊತ್ತು.”

“ಹೇಗೆ?”

“‘ನೋಡು’ ಅಂದ್ಯಲ್ಲ. ನಾಲ್ಕು ವರ್ಷದಲ್ಲಿ ನೋಟ್‌ಬುಕ್ಕಲ್ಲಿ ಇಲ್ದೇ ಇರೋದನ್ನ ನೀನು ಹೇಳಿದ್ದು ಅದೊಂದೇ ಸಲ. ನಾನೂ ನೋಡ್ದೆ.”

ಅಂದದ್ದು ನನಗೆ ನೆನಪೇ ಇಲ್ಲ. ಅವನೂ ದಾರಿ ಬಿಟ್ಟು ಅತ್ತ ನೋಡದೆ ಇದ್ದಿದ್ದರೆ, ನಾನು ಬಾಯಿ ಬಿಡದಿದ್ದರೂ ಆ ತಿರುವು ಅವನ ಕಣ್ಣಿಗೇ ಬೀಳುತ್ತಿತ್ತು.

“ಮತ್ತೆ ರ‍್ಯಾಲಿ ಯಾಕೆ ಬಿಟ್ಟೆ?”

“ನೀನಿದ್ದಾಗ ಕಾರು ಮಗುಚ್ತು. ಅದೇ ಸೀಟಲ್ಲಿ ಮತ್ತೆ ನಿನ್ನ ಕೂರಿಸ್ಕೊಳ್ಳೋಕೆ ಆಗ್ಲಿಲ್ಲ. ಬೇರೆಯವ್ರನ್ನ ಕೂರಿಸೋಕೂ ಮನಸ್ಸು ಬರ್ಲಿಲ್ಲ.” ಹಿಂದಿನವನು ಹಾರ್ನ್ ಬಾರಿಸಿದ. “ಇರಪ್ಪಾ, ಹಾರ್ಕೊಂಡು ಹೋಗ್ಲಾ?” ಎಂದು ಕನ್ನಡಿಗೆ ಬೈದು, ಅಣ್ಣ ಮುಂದುವರಿಸಿದ. “ಆ ಅಜ್ಜಿ ಎಷ್ಟು ಚೆನ್ನಾಗಿ ನಡೀತಿದ್ಲು, ಅಲ್ವಾ? ಏರಿ ಮೇಲೆ ಕೆಂಪು ಕೊಡೆ ಹಿಡ್ಕೊಂಡು.”

“ಯಾವ ಅಜ್ಜಿ? ಬೆಳ್ಳಕ್ಕಿ!”

“ಬೆಳ್ಳಕ್ಕೀನೂ ಇಲ್ಲ, ಏನೂ ಇಲ್ಲ. ಕೊಡೆ.”

ಇಬ್ಬರೂ ಪಟ್ಟು ಬಿಡಲಿಲ್ಲ. ನಿಮಗೆ ನಗು ಬರಬಹುದು. ನನಗೆ ಮಾತ್ರ ಎದೆ ಖಾಲಿಯಾದಂತಾಯಿತು. ಇಷ್ಟು ವರ್ಷ ಆ ತಪ್ಪು ಪೂರ್ತಿ ನನ್ನದೆಂದು ಕಾಪಾಡಿಕೊಂಡಿದ್ದೆ. ಆ ಸೀಟಿನಿಂದ ನನಗೆ ಉಳಿದಿದ್ದದ್ದು ಅದೊಂದೇ.

ಅಂಜನಾಪುರದ ಬಡಾವಣೆಯೊಳಗೆ ಎಲ್ಲ ಕ್ರಾಸೂ ಒಂದೇ ಥರ. ಅಣ್ಣ ವೇಗ ತಗ್ಗಿಸಿ, “ಎಡಕ್ಕಾ, ಬಲಕ್ಕಾ?” ಎಂದು ಕೇಳಿದ. ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ನಕ್ಷೆಯಿತ್ತು, ನನ್ನ ತೊಡೆಯ ಮೇಲೇ ಇತ್ತು.

“ಗೊತ್ತಿಲ್ಲ” ಎಂದೆ. “ಹೊರಗೆ ನೋಡ್ತಾ ಇದ್ದೆ.”

ಅವನು ಎರಡೂ ಕಡೆ ತಿರುಗಿಸಲಿಲ್ಲ. ನೇರವಾಗಿ, ನಿಧಾನವಾಗಿ ಓಡಿಸಿದ.