ಅಜ್ಜಿ ಸೇರಿಸುತ್ತಾ ಹೋದ ಊರುಗಳು

ಆಗೆಲ್ಲ ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನಗಳು ಹುಣಸೆಹಣ್ಣಿನ ಮುಂದೆಯೇ ಆಗುತ್ತಿದ್ದವು. ಯುಗಾದಿ ಕಳೆಯಿತೆಂದರೆ ನಮ್ಮ ತೂಬಗೆರೆ ಕಡೆ ಯಾರ ಮನೆಗೆ ಹೋದರೂ ನಡುಮನೆಯಲ್ಲಿ ಹುಣಸೆಹಣ್ಣಿನ ರಾಶಿ, ಅದರ ಸುತ್ತ ಮನೆಮಂದಿ. ಸಿಪ್ಪೆ ಒಡೆಯಬೇಕು, ನಾರು ಎಳೆಯಬೇಕು, ಬೀಜ ಬಿಡಿಸಬೇಕು. ಬೆರಳ ಸಂದಿಯಲ್ಲೆಲ್ಲ ಉರಿ, ಮೂಗಿನ ತುಂಬ ಹುಳಿ ವಾಸನೆ. ನೀವೂ ಹೀಗೆ ಕೂತಿದ್ದರೆ ನಿಮಗೆ ಗೊತ್ತಿರುತ್ತದೆ, ಕೈಗೆ ಅಂಥ ಕೆಲಸ ಕೊಟ್ಟಾಗ ಬಾಯಿ ಸುಮ್ಮನಿರುವುದಿಲ್ಲ.

ನಾನು ಐದನೇ ಕ್ಲಾಸು ಮುಗಿಸಿದ್ದ ಆ ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನ ಎರಡು ತೀರ್ಮಾನಗಳಾದವು. ಒಂದು, ಮನೆ ಭಾಗವಾಗುವುದು. ಇನ್ನೊಂದು, ನಾವೆಲ್ಲ ಆಸ್ಟ್ರೇಲಿಯಾಕ್ಕೆ ಹೋಗುವುದು. ಇವೆರಡೂ ಹೇಗೆ ಒಂದೇ ದಿನ ಬಂದವು ಎಂದು ನನಗೆ ಆಗ ತಲೆಬುಡ ಅರ್ಥವಾಗಲಿಲ್ಲ. ಪೂರ್ತಿ ಅರ್ಥವಾಗಿದೆ ಎಂದು ಈಗಲೂ ಹೇಳಲಾರೆ.

ಮನೆಯಲ್ಲಿ ನಾವು ಏಳು ಜನ. ಅಜ್ಜಿ, ಅಪ್ಪ, ಅಮ್ಮ, ನಾನು. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗ ಪವನ. ಅಪ್ಪ ಜಮೀನು ನೋಡಿಕೊಳ್ಳುತ್ತಿದ್ದರು. ಚಿಕ್ಕಪ್ಪನಿಗೆ ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಪವನ ನನಗಿಂತ ಒಂದು ವರ್ಷ ಚಿಕ್ಕವನು. ನಾವಿಬ್ಬರೂ ಮಲಗುವ ಚಾಪೆ ಒಂದೇ, ಕದಿಯುವ ಬೆಲ್ಲದ ಡಬ್ಬಿ ಒಂದೇ, ಒದೆ ತಿನ್ನುವುದೂ ಒಟ್ಟಿಗೇ. ರಸ್ತೆಗೆಂದು ಒಂದಷ್ಟು ಜಮೀನು ಹೋಗಿ ಕೈಗೆ ದುಡ್ಡು ಬಂದಿತ್ತು. ಪೇಟೆಯಲ್ಲಿ ಮನೆ ಮಾಡಿ ಪವನನನ್ನು ಅಲ್ಲೇ ಸ್ಕೂಲಿಗೆ ಸೇರಿಸಬೇಕೆಂಬುದು ಚಿಕ್ಕಪ್ಪನ ಆಸೆ.

ಅವತ್ತು ಚಿಕ್ಕಪ್ಪ ತಲೆ ಎತ್ತದೆ ಬೀಜ ಬಿಡಿಸುತ್ತಲೇ, "ಅಣ್ಣ, ಭಾಗ ಮಾಡ್ಕೊಂಬಿಡಣ. ಜಗಳ ಗಿಗಳ ಏನೂ ಬ್ಯಾಡ" ಅಂದರು. ಅಪ್ಪ, "ಸರಿ ಕಣಪ್ಪ, ನಿನ್ನಿಷ್ಟ" ಅಂದರು. ಅಮ್ಮನೂ ಚಿಕ್ಕಮ್ಮನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರಿಬ್ಬರ ನಡುವೆ ಶಿವರಾತ್ರಿಯಿಂದಲೇ ಮಾತು ನಿಂತಿತ್ತು.

ಅಜ್ಜಿ ಮಾತ್ರ ಕೈಯಲ್ಲಿದ್ದ ಹಣ್ಣಿನ ನಾರು ಪೂರ್ತಿ ಎಳೆದು ಮುಗಿಸಿ, "ಆಗ್ಲಿ. ಅದಕ್ ಮುಂಚೆ ಒಂದ್ಸಲ ಎಲ್ರೂ ಒಟ್ಟಿಗೆ ಎಲ್ಲಿಗಾರ ಹೋಗ್ಬಿಟ್ಟು ಬರಣ" ಅಂದಳು.

"ಧರ್ಮಸ್ಥಳಕ್ಕಾ?" ಅಪ್ಪ ಕೇಳಿದರು.

ಚಿಕ್ಕಪ್ಪನಿಗೆ ಕ್ರಿಕೆಟ್ ಹುಚ್ಚು. ನಗುತ್ತಾ, "ದುಡ್ಡು ಬಂದೈತಲ್ಲವ್ವ, ಆಸ್ಟ್ರೇಲಿಯಾಕ್ಕೇ ಹೋಗಣ" ಅಂದುಬಿಟ್ಟರು.

"ಅದು ದೂರಾನಾ?"

"ಅಯ್ಯೋ, ಬಲು ದೂರ."

"ಹಂಗಾರೆ ಅಲ್ಲಿಗೇ ಹೋಗಣ" ಅಂದಳು ಅಜ್ಜಿ.

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಎದ್ದು ಕೈ ತೊಳೆದು ದೇವರ ಗೂಡಿನ ಮುಂದೆ ನಿಂತು, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಇಟ್ಟು ಮುಡಿಪು ಕಟ್ಟಿದಳು. ಮುಡಿಪು ಎಂದರೆ ದೇವರಿಗೆ ಮಾತು ಕೊಟ್ಟ ಹಾಗೆ. ಹೋಗಿ ಬಂದ ಮೇಲೆ ಅದನ್ನು ಘಾಟಿಯ ದೇವಸ್ಥಾನಕ್ಕೆ ಒಯ್ದು ಒಪ್ಪಿಸಬೇಕು. ಕಟ್ಟಿ ಮುಗಿಸಿ ತಿರುಗಿ, "ಇದು ತೀರೋಗಂಟ ಈ ಮನೇಲಿ ಒಲೆ ಒಂದೇ. ತಿಳೀತಾ?" ಅಂದಳು. ನಗು ಅಲ್ಲಿಗೆ ನಿಂತಿತು. ಮುಡಿಪು ಕಟ್ಟಿದ ಮೇಲೆ ಅಜ್ಜಿಯ ಎದುರು ಮಾತಾಡುವ ಧೈರ್ಯ ನಮ್ಮ ಮನೆಯ ಗಂಡಸರಿಗಿರಲಿಲ್ಲ. ದಸರಾ ರಜೆಯಲ್ಲಿ ಹೋಗುವುದು, ಬಂದ ಮೇಲೆ ಭಾಗ ಎಂದಾಯಿತು.

ಚಿಕ್ಕಪ್ಪ ಪೇಟೆಯಿಂದ ಒಂದು ಬಣ್ಣದ ಪುಸ್ತಕ ತಂದರು. ಟೂರು ಕರೆದುಕೊಂಡು ಹೋಗುವವರ ಅಂಗಡಿಯಲ್ಲಿ ಪುಕ್ಕಟೆ ಕೊಟ್ಟಿದ್ದು. ಅದರಲ್ಲಿ ಚಿತ್ರಗಳು ಬೇಕಾದಷ್ಟು, ಯಾವ ಊರಿಂದ ಯಾವ ಊರಿಗೆ ಎಷ್ಟು ದೂರ ಎಂಬ ಒಂದು ಸಾಲೂ ಇಲ್ಲ. ಅಂಗಡಿಯವನನ್ನೇ ಕೇಳಬಹುದಿತ್ತು. ಅಜ್ಜಿ ಬಿಡಲಿಲ್ಲ. "ನಮ್ಗೇ ತೀರ್ಮಾನ ಆಗ್ದಲೆ ಅವನತ್ರ ಹೋದ್ರೆ ಅವ್ನು ನಮ್ಮನ್ನೇ ಮಾರ್ತಾನೆ. ಮೊದ್ಲು ಊರುಗಳ್ನ ಗೊತ್ತು ಮಾಡ್ಕಳಿ" ಅಂದಳು.

ನಕ್ಷೆ ಬರೆಯುವ ಕೆಲಸ ನನ್ನದಾಯಿತು. ಸ್ಕೂಲಿನ ಅಟ್ಲಾಸು ನೋಡಿಕೊಂಡು ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆಸ್ಟ್ರೇಲಿಯಾ ಬರೆದೆ. ನೋಡಬೇಕೆಂದ ಊರಿಗೊಂದು ಹುಣಸೆಬೀಜ. ಚಿಕ್ಕಪ್ಪನಿಗೆ ಮೆಲ್ಬರ್ನಿನ ಕ್ರಿಕೆಟ್ ಮೈದಾನ. ಚಿಕ್ಕಮ್ಮನಿಗೆ ಸಿಡ್ನಿಯಲ್ಲಿ ಸಮುದ್ರದ ಪಕ್ಕ ಇರುವ, ಚಿಪ್ಪು ಚಿಪ್ಪಾದ ಸೂರಿನ ಕಟ್ಟಡ. ಅಪ್ಪನಿಗೆ ಒಂದೇ ಮಂದೆಯಲ್ಲಿ ಸಾವಿರಾರು ಕುರಿ ಇರುತ್ತವಂತಲ್ಲ, ಅದು. ಪವನನಿಗೆ ಕಾಂಗರೂ. ನನಗೆ ದೇಶದ ನಟ್ಟನಡುವೆ ಒಂಟಿಯಾಗಿ ಬಿದ್ದಿರುವ ಕೆಂಪು ಬಂಡೆ. ಅಮ್ಮನನ್ನು ಕೇಳಿದರೆ, "ಯಾವೂರಾದ್ರೂ ಸರಿ, ನಾನು ಅಡುಗೆ ಮಾಡೋ ಹಂಗಿರ್ಬಾರ್ದು" ಅಂದಳು. ಅದಕ್ಕೆ ಬೀಜ ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ.

ನಮಗೆ ಗೊತ್ತಿದ್ದ ದೂರದ ಪ್ರವಾಸವೆಂದರೆ ಒಂದೇ ಬಗೆ. ಬೆಳಗಿನ ಜಾವ ಟೆಂಪೊ ಹತ್ತುವುದು, ಒಂದು ದೇವರು ನೋಡಿ ತಿಂಡಿ, ಇನ್ನೊಂದು ದೇವರು ನೋಡಿ ಊಟ, ಮೂರನೇ ದೇವರ ಛತ್ರದಲ್ಲಿ ನಿದ್ದೆ. ಆಸ್ಟ್ರೇಲಿಯಾವನ್ನೂ ಹಾಗೇ ಜೋಡಿಸಿದೆವು. ಬೆಳಿಗ್ಗೆ ಸಿಡ್ನಿಯಲ್ಲಿ ಸ್ನಾನ, ದಾರಿಯಲ್ಲಿ ಕುರಿ, ಮಧ್ಯಾಹ್ನಕ್ಕೆ ಮೆಲ್ಬರ್ನು, ಸಾಯಂಕಾಲ ಬಿಸಿಲಿಳಿದ ಮೇಲೆ ಬಂಡೆ. ರಾಗಿಹಿಟ್ಟು ಎಷ್ಟು ಸೇರು ಒಯ್ಯಬೇಕೆಂದು ಚರ್ಚೆಯಾಯಿತು. ಅಲ್ಲಿ ನಮ್ಮ ಬೇಸಿಗೆಯಲ್ಲಿ ಚಳಿಗಾಲವಂತೆ ಎಂದು ಪವನ ಎಲ್ಲಿಂದಲೋ ತಿಳಿದುಕೊಂಡು ಬಂದ. ಹಾಗಾದರೆ ದಸರಾದಲ್ಲಿ ಏನು ಕಾಲ? ಸ್ವೆಟರು ಬೇಕೋ ಬೇಡವೋ? ಒಂದು ವಾರ ಅದೇ ವಾದ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ನಾವು ಕುಲಾವಿಗೆ ಉಣ್ಣೆಯದೋ ಹತ್ತಿಯದೋ ಎಂದು ಕಿತ್ತಾಡುತ್ತಿದ್ದೆವು.

ನೆಲ ಒರೆಸಿದಾಗಲೆಲ್ಲ ನಕ್ಷೆ ಅಳಿಸಿಹೋಗುತ್ತಿತ್ತು. ನಾನು ಮತ್ತೆ ಬರೆಯುತ್ತಿದ್ದೆ. ಒಂದು ವಾರ ದೇಶ ಉದ್ದವಾಗುತ್ತಿತ್ತು, ಮುಂದಿನ ವಾರ ಹಲಸಿನಹಣ್ಣಿನ ಹಾಗೆ ಉಬ್ಬುತ್ತಿತ್ತು. ಮೊನ್ನೆ ಮೂರು ಗೇಣಿದ್ದ ದಾರಿ ಇವತ್ತು ಒಂದೂವರೆ ಗೇಣು. ಯಾರೂ ಏಕೆಂದು ಕೇಳಲಿಲ್ಲ.

ಎಲ್ಲಕ್ಕಿಂತ ದೊಡ್ಡ ಗೊಂದಲವೆಂದರೆ ಅಜ್ಜಿಯದು. ಪಟ್ಟಿ ಇನ್ನೇನು ಮುಗಿಯಿತು ಅನ್ನುವಾಗ ಬಗ್ಗಿ ನಕ್ಷೆ ನೋಡಿ, "ಈ ಮೂಲೇಲಿ ಏನೈತವ್ವ?" ಎಂದು ನನ್ನನ್ನು ಕೇಳುತ್ತಿದ್ದಳು.

"ಪರ್ತ್ ಅಂತ ಊರು ಅಜ್ಜಿ."

"ಅಲ್ಲಿಗಂಟ ಹೋಗಿ ಅದನ್ನ ಬಿಡಕಾಯ್ತದಾ? ಅದೂ ಸೇರಿಸು."

ಮುಂದಿನ ವಾರ ಮೇಲಿನ ತುದಿ. ಅದರ ಮುಂದಿನ ವಾರ ಕೆಳಗೆ ಸಮುದ್ರದಲ್ಲಿ ಬೇರೆಯೇ ಬಿದ್ದಿದ್ದ ಟ್ಯಾಸ್ಮೇನಿಯಾ. ಒಂದು ಊರು ಸೇರಿಸಿದರೆ ಇಡೀ ಪಟ್ಟಿ ಮತ್ತೆ ಮೊದಲಿನಿಂದ. ಪಕ್ಕದ ತಾಲ್ಲೂಕು ದಾಟಲೂ ಮನಸ್ಸಿಲ್ಲದ ಅಜ್ಜಿಗೆ ಇದೆಂಥ ತಿರುಗಾಟದ ಹುಚ್ಚು ಎಂದು ನನಗೆ ಸಿಟ್ಟು ಬರುತ್ತಿತ್ತು.

ಆದರೆ ಮನೆ ಬೇರೆಯೇ ಆಗಿತ್ತು. ಚಿಕ್ಕಪ್ಪ ಕಾರ್ಖಾನೆಯಿಂದ ಸೀದಾ ಮನೆಗೆ ಬರುತ್ತಿದ್ದರು. ಒಂದು ಮಧ್ಯಾಹ್ನ ಚಿಕ್ಕಮ್ಮ, "ಅಕ್ಕ, ಅಲ್ಲಿ ಸೀರೇಲೇ ಇರಣ್ವಾ, ಚೂಡಿದಾರ ಹಾಕ್ಕೊಳಣ್ವಾ?" ಎಂದು ಅಮ್ಮನನ್ನು ಕೇಳಿಯೇಬಿಟ್ಟಳು. ಅಮ್ಮ, "ನನ್ನ ಈ ಮೈಗೆ ಚೂಡಿದಾರನಾ?" ಎಂದು ನಕ್ಕಳು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಭಾಗಕ್ಕೆಂದು ಜಮೀನು ಅಳೆಯುವವರು ಬರಬೇಕಿದ್ದ ದಿನ ಎರಡು ಸಲ ಮುಂದೆ ಹೋಯಿತು. ನನಗೂ ಪವನನಿಗೂ ಒಂದು ಮಾತ್ರ ಚೆನ್ನಾಗಿ ಗೊತ್ತಿತ್ತು: ಟೂರು ಆಗುವ ತನಕ ಅವನು ಎಲ್ಲಿಗೂ ಹೋಗುವುದಿಲ್ಲ.

ಇಷ್ಟು ಗೊತ್ತಿದ್ದೂ ಹಾಗೇಕೆ ಮಾಡಿದೆನೋ. ಜೂನಿನಲ್ಲಿ ಸ್ಕೂಲು ಶುರುವಾಯಿತು. ಸಮಾಜದ ಮೇಷ್ಟ್ರು ನಕ್ಷೆಯ ಮೂಲೆಯಲ್ಲಿರುವ ಪುಟ್ಟ ಪಟ್ಟಿ ತೋರಿಸಿ, ಇಷ್ಟು ಉದ್ದಕ್ಕೆ ಇಷ್ಟು ಕಿಲೋಮೀಟರು ಎಂದು ಲೆಕ್ಕ ಹಾಕುವುದನ್ನು ಹೇಳಿಕೊಟ್ಟರು. ನಮ್ಮ ಅಟ್ಲಾಸಿನಲ್ಲಿ ಕರ್ನಾಟಕಕ್ಕೂ ಒಂದು ಪುಟ, ಆಸ್ಟ್ರೇಲಿಯಾಕ್ಕೂ ಒಂದೇ ಪುಟ. ನಾನು ಎರಡೂ ಒಂದೇ ಗಾತ್ರ ಎಂದುಕೊಂಡಿದ್ದೆ. ಅವತ್ತು ಕ್ಲಾಸಿನಲ್ಲೇ ಅಳೆದು ನೋಡಿ ಎದೆ ಹೊಡೆದುಕೊಳ್ಳತೊಡಗಿತು. ಭಯಕ್ಕಲ್ಲ, ಖುಷಿಗೆ. ದೊಡ್ಡವರಿಗೆ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಾಗಿತ್ತು.

ಸಾಯಂಕಾಲ ಎಲ್ಲರೂ ಕೂತಿದ್ದಾಗ ಎದ್ದು ನಿಂತು ಒಪ್ಪಿಸಿದೆ. "ನಮ್ಮ ಇಂಡಿಯಾನ ಎರಡು ಸಲ ಇಟ್ರೂ ಆಸ್ಟ್ರೇಲಿಯಾದಲ್ಲಿ ಇನ್ನೂ ಜಾಗ ಮಿಗುತ್ತೆ! ಸಿಡ್ನಿಯಿಂದ ಬಂಡೆಗೆ ಹೋಗೋದಂದ್ರೆ ನಮ್ಮೂರಿಂದ ಡೆಲ್ಲಿಗೆ ಹೋಗೋದಕ್ಕಿಂತ ದೂರ! ಪರ್ತ್ ಅಂತೂ ಇನ್ನೂ ಆ ಕಡೆ!"

ಯಾರೂ ಶಭಾಷ್ ಅನ್ನಲಿಲ್ಲ.

ಚಿಕ್ಕಪ್ಪ ಅಟ್ಲಾಸು ಇಸಿದುಕೊಂಡು ಬಹಳ ಹೊತ್ತು ನೋಡಿ, "ನಂಗೆ ಸಿಗಾದು ಹತ್ತು ದಿನ ರಜ. ಇದು ಆಗಾ ಮಾತಲ್ಲ ಬಿಡಣ್ಣ" ಅಂದರು. ಅಪ್ಪ, "ದನಕರ ಬಿಟ್ಟು ಅಷ್ಟು ದಿನ ನಾನೂ ಎಲ್ಲಿ ಬರ್ಲಪ್ಪ" ಅಂದರು.

ಅಜ್ಜಿ ನಕ್ಷೆಯ ಹತ್ತಿರ ಸರಿದಳು. "ಅದಕ್ಕೇನಂತೆ, ಇದನ್ನ ಬಿಡಣ" ಎಂದು ಪರ್ತ್ ಮೇಲಿನ ಬೀಜ ತೆಗೆದಳು. ಟ್ಯಾಸ್ಮೇನಿಯಾ ತೆಗೆದಳು. ಮೇಲಿನ ತುದಿ ತೆಗೆದಳು. ನನ್ನ ಮುಖ ನೋಡಿ ಬಂಡೆಯ ಮೇಲಿನದನ್ನೂ ತೆಗೆದಳು. ಕೊನೆಗೆ ಸಿಡ್ನಿಯದೊಂದೇ ಉಳಿಯಿತು. "ಇದೊಂದೂರು ನೋಡ್ಕೊಂಡು ಬಂದ್ರಾಗಲ್ವೇನ್ರಪ್ಪ?" ಅಂದಳು.

"ಒಂದೂರು ನೋಡಕೆ ಅಲ್ಲಿಗಂಟ ಯಾರವ್ವ ಹೋಗ್ತಾರೆ?" ಎಂದು ಚಿಕ್ಕಪ್ಪ ನಕ್ಕರು. ಒಳ್ಳೆಯ ನಗುವೇ, ಕೆಟ್ಟದ್ದೇನಿರಲಿಲ್ಲ. ಅಷ್ಟಕ್ಕೇ ಎಲ್ಲ ಮುಗಿಯಿತು.

ಟೂರು ಇಲ್ಲವೆಂದ ಮೇಲೆ ಅಪ್ಪನೂ ಚಿಕ್ಕಪ್ಪನೂ ಒಂದು ಭಾನುವಾರ ಘಾಟಿಗೆ ಹೋಗಿ, ತಪ್ಪಾಯಿತೆಂದು ಕಾಣಿಕೆ ಸೇರಿಸಿ ಮುಡಿಪನ್ನು ಹುಂಡಿಗೆ ಹಾಕಿ ಬಂದರು. ಆಷಾಢ ಕಳೆದು ಶ್ರಾವಣದಲ್ಲಿ ಭಾಗವಾಯಿತು. ಜಗಳವಾಗಲಿಲ್ಲ. ಚಿಕ್ಕಮ್ಮ ಪಾತ್ರೆ ಕಟ್ಟುವಾಗ ಅಮ್ಮನೇ ಹಳೇ ಪೇಪರು ಹರಿದು ಹರಿದು ಕೊಟ್ಟಳು. ಪವನ ಲಗೇಜು ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಖುಷಿಯೋ ಅಳುವೋ ತಿಳಿಯದ ಮುಖ ಮಾಡಿಕೊಂಡು ಕೈ ಬೀಸಿದ.

ಅವರು ಹೋದ ಮೇಲೆ ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತು ಕೇಳಿದೆ, "ಅಜ್ಜಿ, ನನ್ಮೇಲೆ ಕೋಪಾನಾ?"

"ಕೋಪ ಯಾಕವ್ವ? ನೀನು ಸರಿಯಾಗೇ ಹೇಳ್ದೆ" ಅಂದಳು. ನನ್ನ ತಲೆ ಸವರಿದಳು. ರಸ್ತೆ ನೋಡುತ್ತಲೇ, "ಎಷ್ಟು ದೂರ ಅಂತ ನಿನ್ನ ಯಾರಾದ್ರೂ ಕೇಳಿದ್ರಾ ಮಗ?" ಅಂದಳು.

ಸರಿ ಹೇಳಿದ್ದು ತಪ್ಪಾಗುವುದು ಹೇಗೆ ಎಂದು ಬಹಳ ವರ್ಷ ಯೋಚಿಸಿದ್ದೇನೆ. ನಾನು ಹೇಳದಿದ್ದರೆ ಇನ್ಯಾರಾದರೂ ಹೇಳುತ್ತಿದ್ದರು, ದಸರಾ ಬಂದೇ ಬರುತ್ತಿತ್ತು, ಭಾಗ ಆಗಿಯೇ ಆಗುತ್ತಿತ್ತು. ಇದನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೂ ಇನ್ನೊಂದೆರಡು ತಿಂಗಳು ನಾವು ಒಟ್ಟಿಗಿರುತ್ತಿದ್ದೆವಲ್ಲ.

ಹೋದ ವರ್ಷ ನಾನು, ನನ್ನ ಗಂಡ, ಮಗಳು ಆಸ್ಟ್ರೇಲಿಯಾಕ್ಕೆ ಹೋಗಿಬಂದೆವು. ವಿಮಾನ, ಹೋಟೆಲು, ಊರಿಂದೂರಿಗೆ ದಾರಿ ಎಲ್ಲ ಫೋನಿನಲ್ಲಿ ಒಂದೇ ಸಂಜೆಗೆ ಮುಗಿಯಿತು. ಎಲ್ಲಿ ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಚಳಿ ಎಲ್ಲ ಮೊದಲೇ ಗೊತ್ತಿತ್ತು. ಯಾರೂ ಯಾರ ಜೊತೆಗೂ ಕಿತ್ತಾಡಲಿಲ್ಲ. ಬಂಡೆಯ ಮುಂದೆ ನಿಂತು ಫೋಟೋ ತೆಗೆದು ಪವನನಿಗೆ ಕಳಿಸಿ, "ಒಂದ್ಸಲ ನಾವೆಲ್ಲ ಸೇರಿ ಬರಣ್ವಾ?" ಎಂದು ಕೇಳಿದೆ.

"ಖಂಡಿತ ಅಕ್ಕ. ಡೇಟ್ ಹೇಳು, ರಜ ಹಾಕ್ತೀನಿ" ಎಂದು ಕೂಡಲೇ ಉತ್ತರ ಬಂತು.

ಅಜ್ಜಿಯೂ ಚಿಕ್ಕಪ್ಪನೂ ಈಗಿಲ್ಲ. ಏಳರಲ್ಲಿ ಐದು ಜನ ಉಳಿದಿದ್ದೇವೆ, ನಾಲ್ಕು ಮನೆಗಳಲ್ಲಿ. ಪವನ ತಿಂಗಳಿಗೊಮ್ಮೆ ನೆನಪಿಸುತ್ತಾನೆ. ನಾನು ಅವನಿಗೆ ಇನ್ನೂ ಡೇಟ್ ಹೇಳಿಲ್ಲ.